ಎಡಗಾಲಿನ ಕೆಲಸ ಎಣ್ಣೆಗೆ: ಹಳೆಯ ಜೀಪಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಜೋಡಿಸುವುದೆಂದರೇನು?

ಕಾಸರಗೋಡಿನ ಒಳನಾಡಿನಲ್ಲಿ ಮನೆ ಇರುವುದು ರಸ್ತೆಯ ಬದಿಯಲ್ಲಲ್ಲ. ಗುಡ್ಡದ ನೆತ್ತಿಯಲ್ಲಿ ರಸ್ತೆ, ತಗ್ಗಿನಲ್ಲಿ ಅಡಿಕೆ ತೋಟ, ತೋಟದ ತಲೆಯಲ್ಲಿ ಮನೆ. ನಡುವೆ ಮುರಕಲ್ಲನ್ನು ಕಡಿದು ಮಾಡಿದ, ಅಲ್ಲಲ್ಲಿ ಮಾತ್ರ ಕಾಂಕ್ರೀಟು ಕಂಡ ಕಡಿದಾದ ದಾರಿ. ಎಣ್ಮಕಜೆ, ಬೆಳ್ಳೂರು, ದೇಲಂಪಾಡಿಯ ಕಡೆಗಳಲ್ಲಿ ಈ ದಾರಿಗಳಲ್ಲಿ ಗೊಬ್ಬರ ಇಳಿಸಿದ್ದು, ಅಡಿಕೆ ಮೂಟೆ ಹತ್ತಿಸಿದ್ದು, ನಡುರಾತ್ರಿ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ದಶಕಗಳ ಕಾಲ ಜೀಪೇ. ಆ ಜೀಪುಗಳನ್ನು ಓಡಿಸುತ್ತಾ ಬಂದವರಿಗೆ ಈಗ ವಯಸ್ಸಾಗಿದೆ. ಏರಿನ ನಡುವೆ ಹಾಫ್ ಕ್ಲಚ್ಚಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವಾಗ ಎಡಮೊಣಕಾಲು ಮಾತು ಕೇಳುವುದಿಲ್ಲ.

ಆಟೋಮ್ಯಾಟಿಕ್ ಎಂದರೆ ಪೇಟೆಯ ಕಾರಿಗೆ ಸೇರಿದ ಸೌಕರ್ಯ, ಗುಡ್ಡದ ಗಾಡಿಗೆ ಹೇಳಿಸಿದ್ದಲ್ಲ ಎಂಬ ಮಾತು ನಮ್ಮಲ್ಲಿ ಬಹುಕಾಲ ನಡೆಯಿತು. 2020ರ ಅಕ್ಟೋಬರ್ 2ರಂದು ಹೊರಬಂದ ಹೊಸ ಮಹೀಂದ್ರ ಥಾರ್ 6 ಗೇರಿನ ಆಟೋಮ್ಯಾಟಿಕ್‌ನಲ್ಲಿಯೂ, 2023ರಲ್ಲಿ ಮಾರುಕಟ್ಟೆಗೆ ಬಂದ ಐದು ಬಾಗಿಲಿನ ಮಾರುತಿ ಜಿಮ್ನಿ 4 ಗೇರಿನ ಆಟೋಮ್ಯಾಟಿಕ್‌ನಲ್ಲಿಯೂ ಸಿಗತೊಡಗಿದ ಮೇಲೆ ಆ ಮಾತು ಸಡಿಲವಾಯಿತು. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಎದ್ದಿದೆ: ಹೊಸತನ್ನು ಕೊಳ್ಳುವ ಬದಲು ಮನೆಯ ಹಳೆಯ ಜೀಪಿನ ಗೇರ್‌ಬಾಕ್ಸನ್ನೇ ಬದಲಿಸಿದರೆ ಆಗದೇ? ಯಂತ್ರದ ಮಟ್ಟಿಗೆ ಉತ್ತರ, ಆಗುತ್ತದೆ ಎಂದೇ. ಆದರೆ ಬದಲಾಗುವುದು ಒಂದು ಪೆಟ್ಟಿಗೆ ಮಾತ್ರವಲ್ಲ. ಎಡಗಾಲು ಇಷ್ಟು ದಿನ ಮಾಡುತ್ತಿದ್ದ ಕೆಲಸವನ್ನು ಒಂದು ಬಗೆಯ ಎಣ್ಣೆಗೆ ಒಪ್ಪಿಸುತ್ತೇವೆ, ಮತ್ತು ಮುಂದಿನ ಎಲ್ಲ ಲಾಭವೂ ತೊಡಕೂ ಆ ಎಣ್ಣೆಯಿಂದಲೇ ಹುಟ್ಟುತ್ತವೆ. ಇದು ಹೇಗೆ ಎಂಬುದನ್ನು ತಿಳಿಯಲು ಗೇರಿನ ಮೂಲದಿಂದ ಹೊರಡಬೇಕು.

ಗೇರು ಮಾಡುವ ಕೆಲಸ

ತೋಟದಲ್ಲಿ ದೊಡ್ಡ ಕಲ್ಲೊಂದನ್ನು ಮಗುಚಬೇಕಾದಾಗ ಹಾರೆಯ ತುದಿಯನ್ನು ಕಲ್ಲಿನ ಅಡಿಗೆ ತೂರಿಸಿ, ಇನ್ನೊಂದು ತುದಿಯನ್ನು ಒತ್ತುತ್ತೇವೆ. ನಮ್ಮ ಕೈ ಎರಡು ಅಡಿ ಇಳಿದರೆ ಕಲ್ಲು ಏಳುವುದು ಎರಡು ಅಂಗುಲ ಮಾತ್ರ; ಚಲನೆಯನ್ನು ಬಿಟ್ಟುಕೊಟ್ಟು ಬಲವನ್ನು ಪಡೆಯುತ್ತೇವೆ. ಗೇರು ಮಾಡುವುದು ಇದೇ ವಿನಿಮಯವನ್ನು. ಎಂಜಿನ್ ಹಲವು ಸುತ್ತು ತಿರುಗಿದಾಗ ಚಕ್ರ ಒಂದೇ ಸುತ್ತು ತಿರುಗುವಂತೆ ಮಾಡಿದರೆ ಚಕ್ರಕ್ಕೆ ತಲುಪುವ ಟಾರ್ಕ್, ಅಂದರೆ ತಿರುಗಿಸುವ ಬಲ, ಅಷ್ಟೇ ಪಟ್ಟು ಹೆಚ್ಚುತ್ತದೆ.

ಫೋರ್ ವೀಲ್ ಜೀಪಿನಲ್ಲಿ ಈ ವಿನಿಮಯ ಮೂರು ಕಡೆ ನಡೆಯುತ್ತದೆ: ಗೇರ್‌ಬಾಕ್ಸಿನಲ್ಲಿ, ಅದರ ಹಿಂದಿರುವ ಟ್ರಾನ್ಸ್‌ಫರ್ ಕೇಸಿನಲ್ಲಿ, ಕೊನೆಗೆ ಆಕ್ಸಲ್ಲಿನ ನಡುವೆ ಬಲವನ್ನು ಎಡಬಲ ಚಕ್ರಗಳಿಗೆ ಒಪ್ಪಿಸುವ ಡಿಫರೆನ್ಷಿಯಲ್‌ನಲ್ಲಿ. ಟ್ರಾನ್ಸ್‌ಫರ್ ಕೇಸೆಂದರೆ ಬಲವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ, ಹೈ ಮತ್ತು ಲೋ ಎಂಬ ಎರಡು ಹಂತಗಳುಳ್ಳ ಪೆಟ್ಟಿಗೆ. ವಿಲ್ಲಿಸ್ ಸಿಜೆ-3ಬಿ ಜೀಪಿನ ಲೆಕ್ಕವನ್ನು ತೆಗೆದುಕೊಳ್ಳೋಣ; ಮಹೀಂದ್ರದ ಹಳೆಯ ಜೀಪುಗಳು ಇದೇ ವಂಶದವು. ಅದರ ಮೂರು ಗೇರಿನ ಟಿ-90 ಗೇರ್‌ಬಾಕ್ಸಿನಲ್ಲಿ ಮೊದಲ ಗೇರು 2.798, ಟ್ರಾನ್ಸ್‌ಫರ್ ಕೇಸಿನ ಲೋ 2.46, ಆಕ್ಸಲ್ 5.38. ಮೂರನ್ನೂ ಗುಣಿಸಿದರೆ ಸುಮಾರು 37. ಫೋರ್ ಲೋದಲ್ಲಿ, ಅಂದರೆ ನಾಲ್ಕೂ ಚಕ್ರಗಳಿಗೆ ಲೋ ಹಂತದ ಬಲ ಹೋಗುವಾಗ, ಮೊದಲ ಗೇರಿನಲ್ಲಿ ಚಕ್ರ ಒಂದು ಸುತ್ತು ತಿರುಗಲು ಎಂಜಿನ್ 37 ಸುತ್ತು ತಿರುಗುತ್ತದೆ ಎಂದರ್ಥ. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಂಜಿನ್‌ಗೆ ಒಂದು ದೌರ್ಬಲ್ಯವಿದೆ: ಅದು ನಿಂತು ಎಳೆಯಲಾರದು. ನಿಮಿಷಕ್ಕೆ ಕೆಲವು ನೂರು ಸುತ್ತುಗಳಾದರೂ ತಿರುಗುತ್ತಿದ್ದರೆ ಮಾತ್ರ ಅದಕ್ಕೆ ಜೀವ. ಚಕ್ರವಾದರೋ ನಿಂತಲ್ಲಿಂದ ಹೊರಡಬೇಕು. ತಿರುಗುತ್ತಿರುವ ಎಂಜಿನನ್ನು ನಿಂತಿರುವ ಚಕ್ರದೊಡನೆ ಹದವಾಗಿ ಕೂಡಿಸುವ ಮಧ್ಯವರ್ತಿಯೇ ಕ್ಲಚ್ಚು. ಎಂಜಿನಿನೊಡನೆ ತಿರುಗುವ ಫ್ಲೈವೀಲಿಗೂ ಪ್ರೆಶರ್ ಪ್ಲೇಟಿಗೂ ನಡುವೆ ಒತ್ತಿಕೊಂಡಿರುವ ಕ್ಲಚ್ ಪ್ಲೇಟು, ಪೆಡಲನ್ನು ಅರ್ಧ ಬಿಟ್ಟಾಗ ಜಾರುತ್ತಾ ಹಿಡಿಯುತ್ತದೆ. ಎಷ್ಟು ಜಾರಬೇಕು, ಎಷ್ಟು ಹಿಡಿಯಬೇಕು ಎಂಬುದನ್ನು ನಿರ್ಧರಿಸುವುದು ಎಡಗಾಲು. ಏರಿನಲ್ಲಿ ಬರುವ ಸುಟ್ಟ ವಾಸನೆ ಆ ಜಾರುವಿಕೆಯ ಬೆಲೆ.

ಎರಡು ಫ್ಯಾನುಗಳ ನಡುವಿನ ಗಾಳಿ

ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ಮಾತ್ರ ಚಾಲೂ ಮಾಡಿದರೆ, ಅದರ ಗಾಳಿಗೆ ಇನ್ನೊಂದರ ಎಲೆಗಳೂ ನಿಧಾನವಾಗಿ ತಿರುಗತೊಡಗುತ್ತವೆ. ಎರಡನೆಯ ಫ್ಯಾನನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದರೂ ಮೊದಲನೆಯದು ನಿಲ್ಲುವುದಿಲ್ಲ. ಗಾಳಿಯ ಜಾಗದಲ್ಲಿ ಎಣ್ಣೆಯನ್ನು ತುಂಬಿ, ಎರಡೂ ಫ್ಯಾನುಗಳನ್ನು ಒಂದು ಮುಚ್ಚಿದ ಉಕ್ಕಿನ ಡಬ್ಬಿಯೊಳಗೆ ತೀರ ಸಮೀಪ ಕೂಡಿಸಿದರೆ ಟಾರ್ಕ್ ಕನ್ವರ್ಟರಿನ ಮುಕ್ಕಾಲು ಭಾಗ ಸಿದ್ಧವಾಯಿತು. ಎಂಜಿನಿಗೆ ಬಿಗಿದ ಫ್ಯಾನಿಗೆ ಇಂಪೆಲ್ಲರ್ ಎಂದೂ, ಗೇರ್‌ಬಾಕ್ಸಿಗೆ ಸೇರಿದ ಫ್ಯಾನಿಗೆ ಟರ್ಬೈನ್ ಎಂದೂ ಹೆಸರು.

ಉಳಿದ ಕಾಲು ಭಾಗವೇ ಈ ಯಂತ್ರದ ಜಾಣ್ಮೆ. ಟರ್ಬೈನಿಗೆ ಬಡಿದ ಎಣ್ಣೆ ಹಿಂದಿರುಗುವಾಗ ಅದರ ದಿಕ್ಕು ತಿರುಗುಮುರುಗಾಗಿರುತ್ತದೆ. ಹಾಗೆಯೇ ಬಿಟ್ಟರೆ ಅದು ಇಂಪೆಲ್ಲರಿನ ಓಟಕ್ಕೆ ಅಡ್ಡ ಬರುತ್ತದೆ. ಮುಂದೆ ಬರುತ್ತಿರುವ ಉಯ್ಯಾಲೆಯನ್ನು ಎದುರಿನಿಂದ ತಳ್ಳಿದ ಹಾಗೆ. ಇವೆರಡರ ನಡುವೆ ಸ್ಟೇಟರ್ ಎಂಬ ಮೂರನೆಯ ಎಲೆಚಕ್ರವನ್ನಿಟ್ಟು ಹಿಂದಿರುಗುವ ಎಣ್ಣೆಯ ದಿಕ್ಕನ್ನು ತಿರುಗಿಸಿದರೆ, ಅದೇ ಎಣ್ಣೆ ಉಯ್ಯಾಲೆಯನ್ನು ಹಿಂದಿನಿಂದ ತಳ್ಳುವ ಕೈಯಾಗುತ್ತದೆ. ಇದರಿಂದ ಗಾಡಿ ನಿಂತಲ್ಲಿಂದ ಹೊರಡುವ ಕ್ಷಣದಲ್ಲಿ ಎಂಜಿನಿನ ಟಾರ್ಕ್ ಸುಮಾರು 2 ಪಟ್ಟಾಗಿ ಗೇರ್‌ಬಾಕ್ಸನ್ನು ತಲುಪುತ್ತದೆ. ವೇಗ ಕೂಡಿದಂತೆ ಈ ಹೆಚ್ಚಳ ಕರಗುತ್ತಾ ಹೋಗುತ್ತದೆ. ಜರ್ಮನಿಯ ಎಂಜಿನಿಯರ್ ಹರ್ಮನ್ ಫೋಟಿಂಗರ್ ಈ ಉಪಾಯಕ್ಕೆ 1905ರಲ್ಲಿ ಪೇಟೆಂಟ್ ಪಡೆದದ್ದು ಕಾರಿಗಾಗಿ ಅಲ್ಲ, ಹಡಗಿನ ಉಗಿ ಟರ್ಬೈನಿಗೂ ಪ್ರೊಪೆಲ್ಲರಿಗೂ ನಡುವೆ ಇರಿಸಲು.

ಎಣ್ಣೆಯ ಮೂಲಕ ಬಲ ಸಾಗುವಾಗ ಸ್ವಲ್ಪ ಜಾರುವಿಕೆ ಇದ್ದೇ ಇರುತ್ತದೆ. ಅದನ್ನು ತಪ್ಪಿಸಲು ಈಚಿನ ಕನ್ವರ್ಟರುಗಳಲ್ಲಿ ಲಾಕಪ್ ಕ್ಲಚ್ಚು ಇರುತ್ತದೆ. ಗಾಡಿ ಸಮವೇಗಕ್ಕೆ ಬಂದಾಗ ಅದು ಎರಡೂ ಫ್ಯಾನುಗಳನ್ನು ಒಂದಕ್ಕೊಂದು ಬೆಸೆದಂತೆ ಹಿಡಿಯುತ್ತದೆ.

ಗೇರು ತಾನಾಗಿ ಬದಲಾಗುವ ಬಗೆ

ಮ್ಯಾನುವಲ್ ಗೇರ್‌ಬಾಕ್ಸಿನಲ್ಲಿ ನಾವು ಲಿವರನ್ನು ದೂಡಿ ಬೇಕಾದ ಹಲ್ಲಿನ ಜೋಡಿಯನ್ನು ಕೆಲಸಕ್ಕೆ ಹಚ್ಚುತ್ತೇವೆ. ಆಟೋಮ್ಯಾಟಿಕ್‌ನಲ್ಲಿ ಹಲ್ಲುಗಳು ಸದಾ ಕೂಡಿಕೊಂಡೇ ಇರುತ್ತವೆ. ನಡುವೆ ಒಂದು ಸೂರ್ಯ ಗೇರು, ಅದರ ಸುತ್ತ ಮೂರೋ ನಾಲ್ಕೋ ಗ್ರಹ ಗೇರುಗಳು, ಎಲ್ಲವನ್ನೂ ಬಳಸಿ ಒಳಹಲ್ಲಿನ ಒಂದು ಬಳೆ: ಇಂಥ ಗ್ರಹಮಂಡಲಗಳು ಒಂದರ ಹಿಂದೊಂದು ಇರುತ್ತವೆ. ಬಳೆಯನ್ನು ಹಿಡಿದು ನಿಲ್ಲಿಸಿ ಸೂರ್ಯನನ್ನು ತಿರುಗಿಸಿದರೆ ಒಂದು ಅನುಪಾತ, ಸೂರ್ಯನನ್ನು ನಿಲ್ಲಿಸಿ ಬಳೆಯನ್ನು ತಿರುಗಿಸಿದರೆ ಮತ್ತೊಂದು, ಎರಡನ್ನೂ ಒಟ್ಟಿಗೆ ಬಿಗಿದರೆ ನೇರ ಓಟ. ಯಾವುದನ್ನು ನಿಲ್ಲಿಸಬೇಕು ಎಂಬುದಷ್ಟೇ ಪ್ರಶ್ನೆ.

ಆ ನಿಲ್ಲಿಸುವ ಕೆಲಸವೂ ಎಣ್ಣೆಯದ್ದೇ. ಅಡಿಕೆ ತೋಟಕ್ಕೆ ನೀರು ಹಾಯಿಸುವ ವ್ಯವಸ್ಥೆಯಲ್ಲಿ ಪಂಪು ಒಂದೇ, ಆದರೆ ಗೇಟ್‌ವಾಲ್ವುಗಳು ನಾಲ್ಕಾರು. ಯಾವುದನ್ನು ತೆರೆದರೆ ತೋಟದ ಆ ಭಾಗದ ಸ್ಪ್ರಿಂಕ್ಲರುಗಳು ತಿರುಗುತ್ತವೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಅಡಿಯಲ್ಲಿರುವ ವಾಲ್ವ್ ಬಾಡಿ ಇಂಥದೇ ಗೇಟ್‌ವಾಲ್ವುಗಳ ಕಟ್ಟು. ಎಂಜಿನಿನಿಂದ ತಿರುಗುವ ಪಂಪು ಎಣ್ಣೆಗೆ ಒತ್ತಡ ಕೊಡುತ್ತದೆ. ವಾಲ್ವು ತೆರೆದ ಕಡೆಗೆ ಹರಿದ ಎಣ್ಣೆ ಅಲ್ಲಿನ ಸಣ್ಣ ಕ್ಲಚ್ಚುಗಳನ್ನು ಒತ್ತಿ ಗ್ರಹಮಂಡಲದ ಒಂದು ಅಂಗವನ್ನು ಹಿಡಿಯುತ್ತದೆ. ಹಳೆಯ ಮಾದರಿಗಳಲ್ಲಿ ಗಾಡಿಯ ವೇಗ ಮತ್ತು ಆಕ್ಸಿಲರೇಟರಿನ ಒತ್ತಿಗೆ ಅನುಸಾರವಾಗಿ ಎಣ್ಣೆಯ ಒತ್ತಡವೇ ವಾಲ್ವುಗಳನ್ನು ಸರಿಸುತ್ತಿತ್ತು. ಹೊಸತರಲ್ಲಿ ಆ ತೀರ್ಮಾನ ಕಂಪ್ಯೂಟರಿನದು, ಸರಿಸುವುದು ವಿದ್ಯುತ್ತಿನ ಸೊಲೆನಾಯ್ಡ್.

ಮಾರಾಟದಲ್ಲಿ ಆಟೋಮ್ಯಾಟಿಕ್ ಎಂದು ಕರೆಯುವುದೆಲ್ಲ ಇದೇ ಅಲ್ಲ. 2014ರ ಸೆಲೆರಿಯೊದಿಂದ ಈಚೆಗೆ ನಮ್ಮ ಸಣ್ಣ ಕಾರುಗಳಲ್ಲಿ ಬಂದ ಎಎಂಟಿ, ಸಾಮಾನ್ಯ ಮ್ಯಾನುವಲ್ ಗೇರ್‌ಬಾಕ್ಸೇ. ಕ್ಲಚ್ಚನ್ನು ಒತ್ತಲು ಮತ್ತು ಲಿವರನ್ನು ದೂಡಲು ಯಂತ್ರದ ಕೈಕಾಲು ಜೋಡಿಸಿರುತ್ತಾರೆ ಅಷ್ಟೇ. ಪಟ್ಟಿಯ ಮೇಲೆ ನಡೆಯುವ ಸಿವಿಟಿ, ಎರಡು ಕ್ಲಚ್ಚಿನ ಡಿಸಿಟಿ ಬೇರೆ ಜಾತಿಗಳು. ಜೀಪಿಗೆ ಜೋಡಿಸುವ ಮಾತು ಬಂದಾಗ ಅರ್ಥ ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸ್ ಎಂದೇ.

ಹತ್ತುವಾಗಿನ ಲೆಕ್ಕ ಬೇರೆ, ಇಳಿಯುವಾಗಿನದು ಬೇರೆ

ಹಿಂದೆ ಹೇಳಿದ 37ಕ್ಕೆ ಮರಳೋಣ. 1987ರಿಂದ 2001ರ ವರೆಗಿನ ಜೀಪ್ ಚೆರೋಕಿಯಲ್ಲಿ ಬಂದ, ಐಸಿನ್ ವಾರ್ನರ್ ತಯಾರಿಸಿದ ಎಡಬ್ಲ್ಯೂ-4 ಎಂಬ 4 ಗೇರಿನ ಆಟೋಮ್ಯಾಟಿಕ್ ಇಂಥ ಬದಲಾವಣೆಗಳಲ್ಲಿ ಹೆಸರು ಪಡೆದದ್ದು. ಅದರ ಮೊದಲ ಗೇರು 2.80, ಟಿ-90ಕ್ಕೆ ಬಹುತೇಕ ಸಮ. ಅದೇ ಟ್ರಾನ್ಸ್‌ಫರ್ ಕೇಸಿನ ಅನುಪಾತ, ಅದೇ ಆಕ್ಸಲ್ ಇದ್ದರೆ ಕಾಗದದ ಮೇಲೆ ಒಟ್ಟು ಅನುಪಾತ ಮತ್ತೆ 37. ಆದರೆ ಏರಿನಲ್ಲಿ ನಿಂತು ಹೊರಡುವಾಗ ಕನ್ವರ್ಟರಿನ 2 ಪಟ್ಟು ಸೇರಿ ಚಕ್ರಕ್ಕೆ 74ರ ಬಲ ಸಿಗುತ್ತದೆ. ಬ್ರೇಕನ್ನು ಬಿಟ್ಟ ಕೂಡಲೇ ಹಿಂದಕ್ಕೆ ಜಾರದೆ ಮೆಲ್ಲಗೆ ಮುಂದಕ್ಕೆ ಒತ್ತುವ ಗುಣವೂ ಇದರ ಫಲವೇ. ಕೆಸರಿನ ಏರಿನಲ್ಲಿ ಗೇರು ಬದಲಿಸುವ ಕ್ಷಣದಲ್ಲಿ ಬಲ ಕಡಿದುಹೋಗಿ ಗಾಡಿ ನಿಂತುಬಿಡುವ ಅನುಭವ ಮ್ಯಾನುವಲ್ ಓಡಿಸಿದವರಿಗೆಲ್ಲ ಇದೆ. ಆಟೋಮ್ಯಾಟಿಕ್‌ನಲ್ಲಿ ಬಲದ ಸರಪಣಿ ಹೀಗೆ ತುಂಡಾಗುವುದಿಲ್ಲ.

ಇಳಿಯುವಾಗ ಈ ಲೆಕ್ಕ ನಡೆಯದು. ಕನ್ವರ್ಟರಿನ 2 ಪಟ್ಟು ಎಂಜಿನಿನಿಂದ ಚಕ್ರದ ಕಡೆಗೆ ಮಾತ್ರ. ಚಕ್ರ ಎಂಜಿನನ್ನು ದೂಡುವಾಗ, ಅಂದರೆ ಎಂಜಿನ್ ಬ್ರೇಕಿಂಗಿನಲ್ಲಿ, ಉಳಿಯುವುದು 37 ಮಾತ್ರ, ಅದರಲ್ಲಿಯೂ ಎಣ್ಣೆ ಜಾರುವಷ್ಟು ಕಡಿಮೆ. ಇನ್ನು ಈಚಿನ ಮ್ಯಾನುವಲ್ ಗೇರ್‌ಬಾಕ್ಸುಗಳಲ್ಲಿ ಮೊದಲ ಗೇರು 4ರ ಆಸುಪಾಸಿನಲ್ಲಿ ಇರುವುದುಂಟು. ಅದನ್ನು ತೆಗೆದು 2.80ರದ್ದನ್ನು ಹಾಕಿದರೆ ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದಿಡುವ ಶಕ್ತಿ ಮೂರರಲ್ಲಿ ಸುಮಾರು ಒಂದು ಪಾಲು ಕುಗ್ಗಿತು. ಆ ಪಾಲು ಬ್ರೇಕಿನ ಮೇಲೆ ಬೀಳುತ್ತದೆ. ಆಟಿ ತಿಂಗಳಿನಲ್ಲಿ ಹಾವಸೆ ಹಿಡಿದ ಕಾಂಕ್ರೀಟಿನ ಮೇಲೆ ಬ್ರೇಕು ಒತ್ತಿದರೆ ಚಕ್ರ ನಿಂತು ಗಾಡಿ ಜಾರುತ್ತದೆ ಎಂಬುದನ್ನು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲಿ ಹತ್ತಲಾಗದೆ ಉಳಿದ ಗಾಡಿಗಿಂತ ಇಳಿಯುವಾಗ ತಪ್ಪಿದ ಗಾಡಿಯೇ ಹೆಚ್ಚು ಅಪಾಯ ತರುವುದರಿಂದ, ಯಾವ ಗೇರ್‌ಬಾಕ್ಸ್ ಎಂಬ ಆಯ್ಕೆಗೆ ಮೊದಲೇ ಈ ಲೆಕ್ಕವನ್ನು ಮಾಡಿಬಿಡುವುದು ಒಳ್ಳೆಯದೆಂದು ನನ್ನ ಎಣಿಕೆ. ಲೋ ಅನುಪಾತ ಇನ್ನೂ ಆಳವಾಗಿರುವ ಟ್ರಾನ್ಸ್‌ಫರ್ ಕೇಸು, ಕಾಲಿನ ಒತ್ತನ್ನು ಹೆಚ್ಚಿಸುವ ಬೂಸ್ಟರ್ ಮತ್ತು ಡಿಸ್ಕ್ ಇರುವ ಬ್ರೇಕು ಇದಕ್ಕೆ ಪರಿಹಾರ. ಬೂಸ್ಟರ್ ಇಲ್ಲದ ಹಳೆಯ ಡ್ರಮ್ ಬ್ರೇಕಿನ ಜೀಪಿಗೆ ಇನ್ನೊಂದು ಹೊರೆಯೂ ಇದೆ. ಆಟೋಮ್ಯಾಟಿಕ್ ಗಾಡಿ ನಿಂತಿರುವಾಗಲೂ ಮುಂದಕ್ಕೆ ಒತ್ತುತ್ತಿರುತ್ತದೆ. ಆ ಒತ್ತನ್ನು ತಡೆದು ನಿಲ್ಲುವುದು ಬಲಗಾಲಿನ ಪಾಲಿಗೆ ಬರುತ್ತದೆ.

ಎಣ್ಣೆ ಬಿಸಿಯಾದರೆ

ಕ್ಲಚ್ಚು ಜಾರಿದಾಗ ಸುಟ್ಟ ವಾಸನೆ ಬಂದು ಎಚ್ಚರಿಸುತ್ತದೆ. ಎಣ್ಣೆ ಜಾರಿದರೆ ಸದ್ದಿಲ್ಲದೆ ಬಿಸಿಯಾಗುತ್ತದೆ. ಎಂಜಿನ್ 30 ಕಿಲೋವ್ಯಾಟ್, ಅಂದರೆ ಸುಮಾರು 40 ಅಶ್ವಶಕ್ತಿ ಕೊಡುತ್ತಿರುವಾಗ ಕನ್ವರ್ಟರು ಅದರಲ್ಲಿ ನೂರಕ್ಕೆ 70ನ್ನು ಮಾತ್ರ ದಾಟಿಸಿತು ಎಂದುಕೊಳ್ಳಿ. ಉಳಿದ 9 ಕಿಲೋವ್ಯಾಟ್ ಬಿಸಿಯಾಗಿ ಎಣ್ಣೆಗೆ ಸೇರುತ್ತದೆ: 1,000 ವಾಟಿನ ಒಂಬತ್ತು ಇಸ್ತ್ರಿಪೆಟ್ಟಿಗೆಗಳನ್ನು ಕೆಲವು ಲೀಟರ್ ಎಣ್ಣೆಯಲ್ಲಿ ಮುಳುಗಿಸಿಟ್ಟಂತೆ. ಈ ಎಣ್ಣೆಗೆ ಹಿತವಾದ ಉಷ್ಣತೆ ಸುಮಾರು 80ರಿಂದ 95 ಡಿಗ್ರಿ ಸೆಲ್ಸಿಯಸ್. 120 ದಾಟಿದರೆ ಬೇಗ ಕೆಡುತ್ತದೆ, ಒಳಗಿನ ಸೀಲುಗಳು ಗಟ್ಟಿಯಾಗುತ್ತವೆ, ಸಣ್ಣ ಕ್ಲಚ್ಚುಗಳು ಸುಡುತ್ತವೆ.

ಹೆದ್ದಾರಿಯಲ್ಲಿ ಓಡುವ ಕಾರಿಗೆ ಎದುರುಗಾಳಿ ಇದೆ, ಲಾಕಪ್ ಇದೆ. ನಡಿಗೆಯ ವೇಗದಲ್ಲಿ ಗುಡ್ಡ ಹತ್ತುವ ಜೀಪಿಗೆ ಎರಡೂ ಇಲ್ಲ. ಆದ್ದರಿಂದ ಜೋಡಿಸಿದ ಆಟೋಮ್ಯಾಟಿಕ್‌ಗೆ ಪ್ರತ್ಯೇಕ ಎಣ್ಣೆ ಕೂಲರ್, ಅದಕ್ಕೆ ಸ್ವಂತದ ವಿದ್ಯುತ್ ಫ್ಯಾನು, ಚಾಲಕನ ಕಣ್ಣೆದುರು ಎಣ್ಣೆಯ ಉಷ್ಣತೆ ತೋರಿಸುವ ಮೀಟರು ಬೇಕೇ ಬೇಕು. ಖರ್ಚು ಉಳಿಸಲು ಮೊದಲು ಕೈಬಿಡುವ ವಸ್ತು ಸಾಮಾನ್ಯವಾಗಿ ಈ ಮೀಟರೇ ಆಗಿರುವುದು ವಿಪರ್ಯಾಸ.

ಖರ್ಚಿಲ್ಲದ ಉಪಾಯವೂ ಒಂದಿದೆ. ಏರಿನ ಬುಡದಲ್ಲಿಯೇ ಫೋರ್ ಲೋ ಹಾಕಿದರೆ, ಅದೇ ನಡಿಗೆಯ ವೇಗಕ್ಕೆ ಟರ್ಬೈನ್ ಎರಡೂವರೆ ಪಟ್ಟು ಬೇಗ ತಿರುಗುತ್ತದೆ. ಎರಡು ಫ್ಯಾನುಗಳ ವೇಗದ ಅಂತರ ಇಳಿಯುತ್ತದೆ, ಜಾರುವಿಕೆ ಇಳಿಯುತ್ತದೆ, ಬಿಸಿಯೂ ಇಳಿಯುತ್ತದೆ. ಆಟೋಮ್ಯಾಟಿಕ್ ಇದೆ, ಲೋ ಯಾಕೆ ಎಂದು ಹೈಯಲ್ಲಿಯೇ ಏರಿಸುವವರ ಗೇರ್‌ಬಾಕ್ಸ್ ಬೇಗ ಬಿಚ್ಚುವ ಪಾಡಾಗುತ್ತದೆ.

ವರ್ಕ್‌ಶಾಪಿನಲ್ಲಿ ಬದಲಾಗುವುದು ಏನೇನು

ಮೊದಲ ತೊಡಕು ಎಂಜಿನಿನ ಬೆನ್ನಿನಲ್ಲಿ. ಒಂದು ಕಂಪನಿಯ ಎಂಜಿನಿನ ಬೋಲ್ಟುಗಳ ಸ್ಥಾನ ಇನ್ನೊಂದರ ಬೆಲ್ ಹೌಸಿಂಗಿಗೆ, ಅಂದರೆ ಗೇರು ಪೆಟ್ಟಿಗೆಯ ಮುಂದಿನ ಗಂಟೆಯಾಕಾರದ ಕವಚಕ್ಕೆ, ಹೊಂದುವುದಿಲ್ಲ. ಎರಡನ್ನೂ ಕೂಡಿಸಲು ನಡುವೆ ದಪ್ಪ ತಗಡಿನ ಅಡಾಪ್ಟರ್ ಪ್ಲೇಟನ್ನು ಕೊರೆಸಬೇಕು. ಲೇತಿನಲ್ಲಿ ಕೊರೆಯುವುದು ಕಷ್ಟವಲ್ಲ. ಎಂಜಿನಿನ ಕ್ರ್ಯಾಂಕಿನ ನಡುವೂ ಗೇರ್‌ಬಾಕ್ಸಿನ ನಡುವೂ ಕೂದಲೆಳೆಯಷ್ಟೂ ಓರೆಯಾಗದೆ ಒಂದೇ ಗೆರೆಯಲ್ಲಿ ನಿಲ್ಲುವಂತೆ ಸ್ಥಾನ ತಪ್ಪದಂತೆ ಹಿಡಿಯುವ ಡೋವೆಲ್ ಪಿನ್ನುಗಳನ್ನು ಕೂಡಿಸುವುದು ಕಷ್ಟ. ಓರೆಯಾದರೆ ಮೊದಲ ದಿನ ತಿಳಿಯದು, ಕೆಲವು ತಿಂಗಳಲ್ಲಿ ಮುಂದಿನ ಸೀಲು ಸೋರುತ್ತದೆ, ಆಮೇಲೆ ಪಂಪು ಸವೆಯುತ್ತದೆ.

ಭಾರವಾದ ಫ್ಲೈವೀಲಿನ ಜಾಗಕ್ಕೆ ಫ್ಲೆಕ್ಸ್ ಪ್ಲೇಟ್ ಎಂಬ ತೆಳು ತಟ್ಟೆ ಬರುತ್ತದೆ. ಕನ್ವರ್ಟರನ್ನು ಬಿಗಿಯುವುದು ಇದಕ್ಕೆ. ಸ್ಟಾರ್ಟರ್ ಮೋಟರಿನ ಹಲ್ಲು ಕಚ್ಚುವುದೂ ಇದರ ಅಂಚನ್ನೇ. ಹಾಗಾಗಿ ಹಲ್ಲುಗಳ ಸಂಖ್ಯೆ ಮತ್ತು ಸ್ಟಾರ್ಟರಿನ ಸ್ಥಾನ ಹೊಂದಬೇಕು. ಜೋಡಿಸುವವರು ಎಡವುವ ಸ್ಥಳ ಒಂದಿದೆ. ಕನ್ವರ್ಟರಿನ ಹಿಂದಿನ ಕುತ್ತಿಗೆ ಗೇರ್‌ಬಾಕ್ಸಿನ ಪಂಪಿನೊಳಗೆ ಪೂರ್ತಿಯಾಗಿ ಕೂರಬೇಕು. ಕೂರದೆ ಇದ್ದಾಗ ಬೋಲ್ಟು ಬಿಗಿದು ಎರಡನ್ನೂ ಹತ್ತಿರಕ್ಕೆ ಎಳೆದರೆ ಪಂಪು ಒಡೆಯುತ್ತದೆ. ಕೈಯಿಂದ ಕೂಡಿಸುವಾಗ ಹೌಸಿಂಗುಗಳ ಮುಖ ತಾನಾಗಿ ಮುಟ್ಟಬೇಕು. ಬೋಲ್ಟಿನಿಂದ ಎಳೆಯುವ ಪ್ರಮೇಯವೇ ಬರಬಾರದು.

ಹಿಂದಿನ ಕಡೆ ಟ್ರಾನ್ಸ್‌ಫರ್ ಕೇಸು. ಹಳೆಯ ವಿಲ್ಲಿಸ್ ವಂಶದ ಜೀಪಿನಲ್ಲಿ ಗೇರ್‌ಬಾಕ್ಸಿನ ಶಾಫ್ಟೇ ಟ್ರಾನ್ಸ್‌ಫರ್ ಕೇಸಿನೊಳಗೆ ಹೊಕ್ಕು ಅದರ ಗೇರನ್ನು ಹೊತ್ತಿರುತ್ತದೆ; ಒಂದನ್ನು ತೆಗೆದರೆ ಇನ್ನೊಂದು ಅನಾಥ. ಆಟೋಮ್ಯಾಟಿಕ್ ಜೊತೆಗೆ ಬಂದ ಟ್ರಾನ್ಸ್‌ಫರ್ ಕೇಸನ್ನೇ ಹಾಕೋಣವೆಂದರೆ, ಆ ಜೀಪುಗಳ ಹಿಂದಿನ ಆಕ್ಸಲ್ಲಿನ ಡಿಫರೆನ್ಷಿಯಲ್ ನಡುವಿನಲ್ಲಿಲ್ಲ, ಒಂದು ಬದಿಗೆ ಸರಿದಿದೆ. ಹೊಸ ಟ್ರಾನ್ಸ್‌ಫರ್ ಕೇಸಿನ ಹೊರಶಾಫ್ಟು ನಡುವಿನಲ್ಲಿದ್ದರೆ ಬಲವನ್ನು ಆಕ್ಸಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟು ಓರೆಯಾಗಿ ಓಡಬೇಕಾಗುತ್ತದೆ. ಮುಂದಿನ ಆಕ್ಸಲ್ಲಿಗೂ ಇದೇ ಪ್ರಶ್ನೆ: ಎಡಬದಿಯೋ, ಬಲಬದಿಯೋ? ಇದನ್ನು ಕೊಳ್ಳುವ ಮೊದಲೇ ಗಾಡಿಯ ಅಡಿಗೆ ನುಸುಳಿ ನೋಡಬೇಕು.

ಉದ್ದವೂ ಒಂದು ಸಮಸ್ಯೆ. ಸಿಜೆ-3ಬಿ ಜೀಪಿನ ಮುಂದಿನ ಮತ್ತು ಹಿಂದಿನ ಚಕ್ರಗಳ ಅಂತರ 80 ಅಂಗುಲ ಮಾತ್ರ. ಉದ್ದದ ಗೇರ್‌ಬಾಕ್ಸು, ಅಡಾಪ್ಟರಿನ ದಪ್ಪ, ಟ್ರಾನ್ಸ್‌ಫರ್ ಕೇಸು ಎಲ್ಲ ಸೇರಿ ಹಿಂದಕ್ಕೆ ಸರಿದಷ್ಟೂ ಹಿಂದಿನ ಪ್ರೊಪೆಲ್ಲರ್ ಶಾಫ್ಟು ಗಿಡ್ಡವಾಗುತ್ತದೆ, ಕ್ರಾಸ್ ಜಾಯಿಂಟುಗಳ ಕೋನ ಕಡಿದಾಗುತ್ತದೆ. ಕಡಿದಾದ ಕೋನದಲ್ಲಿ ತಿರುಗುವ ಜಾಯಿಂಟು ಅದುರುತ್ತದೆ, ಬೇಗ ಕಳಚುತ್ತದೆ. ಶಾಫ್ಟನ್ನು ಕತ್ತರಿಸಿ ಬೆಸೆದರೆ ಸಾಲದು, ಬ್ಯಾಲೆನ್ಸ್ ಮಾಡಿಸಲೇಬೇಕು. ಮಹೀಂದ್ರದ ಉದ್ದದ ಮೇಜರ್, ಕಮಾಂಡರ್‌ನಂಥ ಗಾಡಿಗಳಿಗೆ ಈ ಇಕ್ಕಟ್ಟು ಕಡಿಮೆ. ಇವುಗಳ ಜೊತೆಗೆ ಗೇರ್‌ಬಾಕ್ಸನ್ನು ಹೊರುವ ಅಡ್ಡಪಟ್ಟಿ, ಲಿವರಿನ ಜೋಡಣೆ, ಸ್ಪೀಡೋಮೀಟರಿನ ಕೇಬಲ್, ರಿವರ್ಸ್ ದೀಪದ ಸ್ವಿಚ್ಚು ಎಲ್ಲವೂ ಹೊಸತಾಗಬೇಕು.

ಸಣ್ಣದೆಂದು ಕಂಡರೂ ಬಿಡಲೇಬಾರದ ಒಂದು ವಯರಿಂಗ್ ಇದೆ. ಲಿವರು ಪಾರ್ಕ್ ಎಂಬ ಪಿ ಅಥವಾ ನ್ಯೂಟ್ರಲ್ ಎಂಬ ಎನ್‌ನಲ್ಲಿ ಇದ್ದಾಗ ಮಾತ್ರ ಸ್ಟಾರ್ಟರಿಗೆ ವಿದ್ಯುತ್ತು ಹೋಗುವಂತೆ ಮಾಡುವ ಸ್ವಿಚ್ಚು ಅದು. ಅದಿಲ್ಲದೆ ಗೇರಿನಲ್ಲಿಯೇ ಚಾಲೂ ಆದ ಜೀಪು ಅಂಗಳದಿಂದ ತೋಟಕ್ಕೆ ಹಾರುವುದು ಎರಡು ಸೆಕೆಂಡಿನ ಕೆಲಸ.

ಡೀಸೆಲಿನ ಪ್ರತ್ಯೇಕ ಪಾಡು

ಆಟೋಮ್ಯಾಟಿಕ್ ಯಾವಾಗ ಗೇರು ಬದಲಿಸಬೇಕೆಂದು ತಿಳಿಯಲು ಎಂಜಿನಿನ ಮೇಲಿನ ಹೊರೆಯನ್ನು ಅಳೆಯಬೇಕು. ಹಳೆಯ ಪೆಟ್ರೋಲ್ ಗಾಡಿಗಳ ಕೆಲವು ಆಟೋಮ್ಯಾಟಿಕ್‌ಗಳು ಕಾರ್ಬುರೇಟರಿನ ಕೆಳಗೆ ಉಂಟಾಗುವ ನಿರ್ವಾತದಿಂದ ಇದನ್ನು ಅಳೆಯುತ್ತಿದ್ದವು. ಡೀಸೆಲ್ ಎಂಜಿನಿನಲ್ಲಿ ಸಾಮಾನ್ಯವಾಗಿ, ಪೆಟ್ರೋಲಿನದರಲ್ಲಿ ಇರುವಂತೆ ಗಾಳಿಯನ್ನು ತಡೆಯುವ ಕವಾಟವೇ ಇಲ್ಲದ ಕಾರಣ ನಿರ್ವಾತವೂ ಇಲ್ಲ; ವ್ಯಾಕ್ಯೂಮ್ ಪಂಪು ಮತ್ತು ಇಂಜೆಕ್ಷನ್ ಪಂಪಿನ ಮೇಲೆ ಒಂದು ನಿಯಂತ್ರಕ ವಾಲ್ವನ್ನು ಜೋಡಿಸಿ ಅದನ್ನು ಸೃಷ್ಟಿಸಬೇಕಾಗುತ್ತದೆ. ಇನ್ನು ಪೆಟ್ರೋಲ್ ಎಂಜಿನಿಗೆ ಮಾಡಿದ ಗೇರ್‌ಬಾಕ್ಸು, ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ 5,000 ಸುತ್ತಿನ ಆಚೆಗೆ ಗೇರು ಬದಲಿಸಲು ಕಾಯುತ್ತದೆ; ಹಳೆಯ ಡೀಸೆಲ್ ಎಂಜಿನ್ ಅಲ್ಲಿಗೆ ಏರುವುದೇ ಇಲ್ಲ. ಹಾಗಾಗಿ ಎಂಜಿನ್ ಅರಚುತ್ತಾ ಮೊದಲ ಗೇರಿನಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಡೀಸೆಲ್ ಜೀಪಿಗೆ ಡೀಸೆಲ್ ಗಾಡಿಯಿಂದ ಬಂದ ಗೇರ್‌ಬಾಕ್ಸೇ ಸೂಕ್ತ.

ಸಿಆರ್‌ಡಿಇ ಎಂಬ, ಕಂಪ್ಯೂಟರ್ ನಡೆಸುವ ಡೀಸೆಲ್ ಎಂಜಿನಿನ ಹೊಸ ಗಾಡಿಗಳಲ್ಲಿ ತೊಡಕು ಕಬ್ಬಿಣದ್ದಲ್ಲ, ಮಾತುಕತೆಯದ್ದು. ಎಂಜಿನಿನ ಕಂಪ್ಯೂಟರು, ಗೇರ್‌ಬಾಕ್ಸಿನ ಕಂಪ್ಯೂಟರು, ಬ್ರೇಕಿನ ಕಂಪ್ಯೂಟರು ಒಂದೇ ತಂತಿಯ ಮೇಲೆ ಪರಸ್ಪರ ಸಂದೇಶ ಕಳುಹಿಸುತ್ತಿರುತ್ತವೆ. ಮ್ಯಾನುವಲ್ ಗಾಡಿಯ ಎಂಜಿನ್ ಕಂಪ್ಯೂಟರಿಗೆ ಆಟೋಮ್ಯಾಟಿಕ್‌ನ ಭಾಷೆ ಬರದು. ಅಪಘಾತವಾಗಿ ಗುಜರಿಗೆ ಬಂದ ಅದೇ ಮಾದರಿಯ ಆಟೋಮ್ಯಾಟಿಕ್ ಗಾಡಿಯೊಂದರಿಂದ ಗೇರ್‌ಬಾಕ್ಸು, ಕಂಪ್ಯೂಟರುಗಳು, ವಯರಿಂಗ್, ಕೂಲರು, ಲಿವರು, ಕೀಲಿಕೈವರೆಗೆ ಇಡೀ ಸೆಟ್ಟನ್ನು ತರುವುದೇ ಇಲ್ಲಿ ಇರುವ ನೆಟ್ಟಗಿನ ದಾರಿ.

ಕಾನೂನು ಏನು ಹೇಳುತ್ತದೆ

ಮೋಟಾರು ವಾಹನ ಕಾಯ್ದೆ, 1988ರ 52ನೆಯ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿರ್ದಿಷ್ಟಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ನಿಯಮವನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗಿನ ಸೆರೆ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಆದ್ದರಿಂದ ಸ್ಪ್ಯಾನರನ್ನು ಎತ್ತಿಕೊಳ್ಳುವ ಮೊದಲು ಆರ್‌ಟಿಒ ಕಚೇರಿಗೆ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯುವುದು, ವಿಮೆಯ ಕಂಪನಿಗೂ ತಿಳಿಸುವುದು ಅಗತ್ಯ.

ಗಡಿನಾಡಿನವರಿಗೆ ಇದರಲ್ಲಿ ಇನ್ನೊಂದು ಸುಳಿ. ಮಂಗಳೂರು, ಪುತ್ತೂರುಗಳಿಂದ ಕೊಂಡು ತಂದ ಕರ್ನಾಟಕ ನೋಂದಣಿಯ ಗಾಡಿಯನ್ನು ಕೇರಳದಲ್ಲಿ 12 ತಿಂಗಳಿಗಿಂತ ಹೆಚ್ಚು ಇರಿಸಿಕೊಂಡರೆ ಇಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು. ಸ್ವಂತ ಬಳಕೆಯ ಹಳೆಯ ಗಾಡಿಯಾದರೆ 15 ವರ್ಷದ ನಂತರ 5 ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕು. ಗಾಡಿ ತಪಾಸಣೆಗೆ ನಿಂತಾಗ ಎರಡೇ ಪೆಡಲುಗಳಿರುವ ಹಳೆಯ ಜೀಪು ಯಾರ ಕಣ್ಣನ್ನೂ ತಪ್ಪಿಸಲಾರದು.

ದೈಹಿಕ ಊನ ಇರುವವರ ಸ್ಥಿತಿ ಬೇರೆ. ಅವರ ಬಳಕೆಗಾಗಿ ಮಾರ್ಪಡಿಸಿದ ವಾಹನವನ್ನು ಕಾಯ್ದೆಯೇ ಪ್ರತ್ಯೇಕವಾಗಿ ಗುರುತಿಸುತ್ತದೆ. ಎಡಗಾಲಿನ ಶಕ್ತಿ ಕಳೆದುಕೊಂಡವರು ವೈದ್ಯಕೀಯ ಪ್ರಮಾಣಪತ್ರದೊಡನೆ ಈ ದಾರಿಯಲ್ಲಿ ಅರ್ಜಿ ಹಾಕಬಹುದು.

ಕಾಲುನೋವು ಮಾತ್ರವೇ ಕಾರಣವಾದರೆ, ಗೇರ್‌ಬಾಕ್ಸನ್ನು ಮುಟ್ಟದೆ ಕ್ಲಚ್ಚನ್ನು ಹಗುರಗೊಳಿಸುವ ಉಪಾಯಗಳನ್ನು ಮೊದಲು ವಿಚಾರಿಸಬಹುದು. ಸರಳು ಅಥವಾ ಕೇಬಲಿನಿಂದ ಎಳೆಯುವ ಹಳೆಯ ಕ್ಲಚ್ಚಿಗೆ ಹೈಡ್ರಾಲಿಕ್ ಸಿಲಿಂಡರ್, ಸುರುಳಿ ಸ್ಪ್ರಿಂಗಿನ ಪ್ರೆಶರ್ ಪ್ಲೇಟಿನ ಜಾಗಕ್ಕೆ ಡಯಾಫ್ರಾಮ್ ಮಾದರಿ, ಅದೂ ಸಾಲದಿದ್ದರೆ ವ್ಯಾಕ್ಯೂಮ್ ಬೂಸ್ಟರ್. ಖರ್ಚು ಬಹಳ ಕಡಿಮೆ, ಪೆಡಲಿನ ಭಾರ ಗಮನಾರ್ಹವಾಗಿ ಇಳಿಯುತ್ತದೆ.

ಜೋಡಿಸಿದ ಮೇಲೆ ಬದಲಾಗಬೇಕಾದ ರೂಢಿಗಳು

ಬ್ಯಾಟರಿ ಸೋತ ಜೀಪನ್ನು ಇಳಿಜಾರಿನಲ್ಲಿ ಮುಖಮಾಡಿ ನಿಲ್ಲಿಸಿ, ಬೆಳಗ್ಗೆ ಉರುಳಿಸಿ ಚಾಲೂ ಮಾಡುವುದು ನಮ್ಮ ಹಳೆಯ ರೂಢಿ. ಆಟೋಮ್ಯಾಟಿಕ್‌ನಲ್ಲಿ ಇದು ನಡೆಯುವುದಿಲ್ಲ. ಎಣ್ಣೆಗೆ ಒತ್ತಡ ಕೊಡುವ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ನಿಂತಿದ್ದರೆ ಒತ್ತಡವಿಲ್ಲ, ಒತ್ತಡವಿಲ್ಲದಿದ್ದರೆ ಯಾವ ಗೇರೂ ಹಿಡಿಯದು. ಅದೇ ಕಾರಣದಿಂದ ಕೆಟ್ಟು ನಿಂತ ಗಾಡಿಯನ್ನು ಹಗ್ಗ ಕಟ್ಟಿ ಎಳೆಯುವಾಗ ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ಗೆ ಹಾಕಬೇಕು ಅಥವಾ ಪ್ರೊಪೆಲ್ಲರ್ ಶಾಫ್ಟುಗಳನ್ನು ಕಳಚಬೇಕು. ಇಲ್ಲವಾದರೆ ಎಣ್ಣೆ ಸಿಗದ ಗೇರ್‌ಬಾಕ್ಸು ಒಣಗಿಯೇ ತಿರುಗುತ್ತದೆ.

ನಿಲ್ಲಿಸುವಾಗ ಪಿ ಹಾಕಿದರೆ ಗಾಡಿ ಭದ್ರವೆಂದು ನಂಬುವುದು ಅಪಾಯ. ಪಿ ಹಿಡಿಯುವುದು ಗೇರ್‌ಬಾಕ್ಸಿನ ಹೊರಶಾಫ್ಟನ್ನು, ಅದೂ ಒಂದು ಸಣ್ಣ ಕೊಕ್ಕೆಯಿಂದ. ಅದರ ಹಿಂದಿರುವ ಟ್ರಾನ್ಸ್‌ಫರ್ ಕೇಸು ನ್ಯೂಟ್ರಲ್‌ನಲ್ಲಿ ಉಳಿದಿದ್ದರೆ ಪಿಗೂ ಚಕ್ರಕ್ಕೂ ಸಂಬಂಧವೇ ಇಲ್ಲ, ಗಾಡಿ ಉರುಳಿಯೇ ಉರುಳುತ್ತದೆ. ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ಪಿ, ಗುಡ್ಡದಲ್ಲಾದರೆ ಚಕ್ರಕ್ಕೊಂದು ಕಲ್ಲು.

ಮಳೆಗಾಲದಲ್ಲಿ ತೋಡು ದಾಟುವವರು ಗೇರ್‌ಬಾಕ್ಸಿನ ಉಸಿರಾಟದ ಕೊಳವೆಯನ್ನು ನೋಡಿಕೊಳ್ಳಬೇಕು. ಬಿಸಿಯಾಗಿರುವ ಪೆಟ್ಟಿಗೆ ತಣ್ಣೀರಿನಲ್ಲಿ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಕೊಳವೆಯ ಬಾಯಿ ಎಲ್ಲಿದೆಯೋ ಅಲ್ಲಿಂದ ಸೆಳೆದುಕೊಳ್ಳುತ್ತದೆ. ಬಾಯಿ ನೀರಿನಲ್ಲಿದ್ದರೆ ನೀರನ್ನೇ ಕುಡಿಯುತ್ತದೆ, ಮತ್ತು ಒಳಗಿನ ಸಣ್ಣ ಕ್ಲಚ್ಚುಗಳ ಮೇಲೆ ಅಂಟಿಸಿದ ಹೊದಿಕೆ ನೀರಿಗೆ ಸಡಿಲವಾಗುತ್ತದೆ. ಕೊಳವೆಗೆ ರಬ್ಬರ್ ಪೈಪು ಸೇರಿಸಿ ಬಾನೆಟ್ಟಿನ ಮಟ್ಟಕ್ಕೆ ಏರಿಸಿ ಕಟ್ಟಿದರೆ ಸಾಕು.

ಎಣ್ಣೆ ನೋಡುವ ಕ್ರಮವೂ ಹೊಸತು. ಎಂಜಿನ್ ಎಣ್ಣೆಯನ್ನು ಗಾಡಿ ನಿಲ್ಲಿಸಿ ನೋಡುತ್ತೇವೆ; ಡಿಪ್‌ಸ್ಟಿಕ್ ಇರುವ ಹೆಚ್ಚಿನ ಆಟೋಮ್ಯಾಟಿಕ್‌ಗಳಲ್ಲಿ ಗಾಡಿ ಬಿಸಿಯಾದ ಮೇಲೆ, ಸಮನೆಲದಲ್ಲಿ, ಎಂಜಿನ್ ಓಡುತ್ತಿರುವಾಗಲೇ ನೋಡಬೇಕು, ಏಕೆಂದರೆ ಎಂಜಿನ್ ನಿಂತಾಗ ಕನ್ವರ್ಟರಿನ ಎಣ್ಣೆಯೂ ಕೆಳಗಿಳಿದು ಮಟ್ಟ ಹುಸಿಯಾಗಿ ಏರಿರುತ್ತದೆ. ಸಾಮಾನ್ಯವಾಗಿ ಈ ಎಣ್ಣೆಯ ಬಣ್ಣ ತಿಳಿಗೆಂಪು. ಕಂದಾಗಿ ಸುಟ್ಟ ವಾಸನೆ ಬಂದರೆ ಬಿಸಿಯ ಕಾಟ. ಕೆಂಪು ಪೇರಳೆಯ ತಿರುಳಿನಂತೆ ಹಾಲುಗೆಂಪಾಗಿದ್ದರೆ ನೀರು ಒಳಹೊಕ್ಕಿದೆ, ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ ಎಣ್ಣೆ ಬದಲಿಸದೆ ಮುಂದೆ ಒಂದು ಏರನ್ನೂ ಹತ್ತಿಸಬಾರದು.